ಹದಿನಾರು ಟ್ಯಾಪೆಟ್, ಒಂದೇ ತಟ್ಟೆ

ಆಕೆಗೆ ಕಿವಿಯಕ್ಕ ಎಂದು ಹೆಸರು ಬಿದ್ದದ್ದು ಕಿವಿ ಚುರುಕಾಗಿದ್ದ ಕಾಲದಲ್ಲಿ. ಕಿವಿ ಕೈಕೊಟ್ಟ ಮೇಲೂ ಹೆಸರು ಹಾಗೇ ಉಳಿಯಿತು. ಹೆಸರುಗಳಿಗೆ ನಾಚಿಕೆ ಇರುವುದಿಲ್ಲ.

ಎಂಜಿನ್ ಕಾರ್ಖಾನೆಗೆ ಆಕೆ ಸೇರಿದ್ದು ನೆಲ ಒರೆಸಲಿಕ್ಕೆ. ಎಂಜಿನ್ ಪರೀಕ್ಷೆ ಮಾಡುವ ಕೊಠಡಿಯ ನೆಲ. ಅಲ್ಲಿ ಹೊಸ ಎಂಜಿನ್ನುಗಳನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಶಿಫ್ಟ್ ಪೂರ್ತಿ ಅರಚಿಸುತ್ತಿದ್ದರು. ಒರೆಸುತ್ತ ಒರೆಸುತ್ತ ಯಾವ ಎಂಜಿನ್ ಸುಖವಾಗಿದೆ, ಯಾವುದಕ್ಕೆ ಹೊಟ್ಟೆನೋವು ಎಂದು ಆಕೆಗೆ ತಿಳಿಯತೊಡಗಿತು. ಇದನ್ನು ಕಂಡು ಮೆಚ್ಚಿದ ಫೋರ್ಮನ್ ಅವಳ ಕೈಯ ಒರೆಸುವ ಕೋಲು ಕಿತ್ತು ಸ್ಪ್ಯಾನರ್ ಕೊಟ್ಟ ಎಂದು ಒಂದು ಕಥೆ ಇದೆ. ಸುಳ್ಳು. ಯಾವ ಫೋರ್ಮನ್ನೂ ಹಾಗೆ ಕೊಡುವುದಿಲ್ಲ. ಸಂಘದವರು ಆಫೀಸಿನ ಬಾಗಿಲಲ್ಲಿ ಕೂತು, ಊಟ ಬಿಟ್ಟು, ಗಂಟಲು ಹರಿಯುವವರೆಗೆ ಕೂಗಿದ ಮೇಲೆ ಕೊಟ್ಟರು. ಕೊಟ್ಟಾದ ಮೇಲೆ ಆಕೆ ಅದನ್ನು ಮತ್ತೆ ಕೆಳಗಿಡಲಿಲ್ಲ.

ಕೆಲವು ವರ್ಷದ ನಂತರ ಮಾಲೀಕರು ಕಾರ್ಖಾನೆಗೆ ಬೀಗ ಹಾಕಿದರು. ಗೇಟಿನ ಮುಂದೆ ಕೂತದ್ದು, ಲಾಠಿ ಬಿದ್ದದ್ದು, ಕೂತವರಲ್ಲಿ ಅರ್ಧ ಜನ ಸದ್ದಿಲ್ಲದೆ ಎದ್ದು ಹೋದದ್ದು, ಅದೆಲ್ಲ ಎಲ್ಲ ಊರಿನಲ್ಲೂ ಆಗುವಂಥದ್ದೇ. ಗೆದ್ದೆವು ಎನ್ನುವಂತಿರಲಿಲ್ಲ. ಸೋತವರಲ್ಲಿ ಐದು ಜನ ಸೇರಿ ರೈಲು ಹಳಿಯ ಪಕ್ಕ ಒಂದು ತಗಡಿನ ಶೆಡ್ ಹಿಡಿದು ಗಾಡಿ ರಿಪೇರಿ ಶುರುಮಾಡಿದರು. ಸಂಘದ ಕಾರ್ಯದರ್ಶಿ ಆಗಿದ್ದವನು ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಸಂಘವೇ ಮುಳುಗಿ ಹೋಗಿದ್ದರೂ ಅವನನ್ನು ಎಲ್ಲರೂ ಕಾರ್ಯದರ್ಶಿ ಎಂದೇ ಕರೆಯುತ್ತಿದ್ದರು. ಲೇತ್ ಮೆಷೀನಿಗೆ ಸೈಲೆನ್ಸರ್. ಬಾಯಿ ಮುಚ್ಚುವುದೇ ಗೊತ್ತಿಲ್ಲದ್ದರಿಂದ ಅವನಿಗೆ ಆ ಹೆಸರು. ವೆಲ್ಡಿಂಗಿಗೆ ಅಣ್ಣ ತಮ್ಮ ಇಬ್ಬರು. ಎಂಜಿನ್ನಿಗೆ ಕಿವಿಯಕ್ಕ.

ಶೆಡ್ಡಿನ ಧರ್ಮ ಒಂದೇ. ಎಲ್ಲವೂ ಒಟ್ಟು. ಸ್ಪ್ಯಾನರುಗಳಿಗೆ ಒಡೆಯರಿಲ್ಲ. ಚಹಾದ ಲೋಟಗಳಿಗೆ ಗುರುತಿಲ್ಲ. ಬಂದದ್ದು ಐದು ಪಾಲು. ಮೂಲೆಯಲ್ಲಿ ಒಂದು ದೊಡ್ಡ ಅಲ್ಯೂಮಿನಿಯಂ ತಟ್ಟೆ ಇತ್ತು. ಬಿಚ್ಚಿದ ಸಾಮಾನನ್ನೆಲ್ಲ ಅದರಲ್ಲಿ ಸುರಿದು, ಸೀಮೆಎಣ್ಣೆ ಹೊಯ್ದು, ಒಟ್ಟಿಗೆ ತೊಳೆಯುವುದು. "ನಮ್ಮಲ್ಲಿ ಮೇಲು ಕೀಳಿಲ್ಲ, ನಟ್ಟುಬೋಲ್ಟಿಗೂ ಇಲ್ಲ" ಎಂದು ಸೈಲೆನ್ಸರ್ ಹೊಸ ಗಿರಾಕಿಗಳಿಗೆ ಭಾಷಣ ಬಿಗಿಯುತ್ತಿದ್ದ.

ಕಿವಿಯಕ್ಕನ ರೀತಿ ಎಂದರೆ, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ, ಹಿಡಿಯನ್ನು ಕಿವಿಗೆ ಒತ್ತಿ, ಹುಬ್ಬು ಗಂಟಿಕ್ಕಿ ನಿಲ್ಲುವುದು. ಆಮೇಲೆ, "ಮೂರನೇ ವಾಲ್ವಿನ ಟ್ಯಾಪೆಟ್ ಸಡಿಲ" ಎನ್ನುವುದು. ಟ್ಯಾಪೆಟ್ ಅಂದರೆ ಎಂಜಿನ್ನಿನ ವಾಲ್ವನ್ನು ಕೆಳಗಿನಿಂದ ತಳ್ಳಿ ತೆರೆಯುವ ಉಕ್ಕಿನ ಗುಬುಟು. ಅದಕ್ಕೂ ವಾಲ್ವಿಗೂ ನಡುವೆ ಬ್ಲೇಡಿನ ದಪ್ಪದ ಸಂದಿ ಬಿಡಬೇಕು. ಸಂದಿ ಹೆಚ್ಚಾದರೆ ಟಿಕ್ ಟಿಕ್ ಎಂದು ಕುಟ್ಟುತ್ತದೆ, ಕಡಿಮೆಯಾದರೆ ವಾಲ್ವ್ ಸುಟ್ಟುಹೋಗುತ್ತದೆ. ಆಕೆ ಸ್ಕ್ರೂ ತಿರುಗಿಸಿ ಸಂದಿ ಸರಿಮಾಡುತ್ತಿದ್ದಳು. ಆಕೆ ಹೇಳಿದ್ದು ತಪ್ಪಿದ್ದಿಲ್ಲ.

ಆಮೇಲೆ ತಪ್ಪತೊಡಗಿತು.

ಪರೀಕ್ಷಾ ಕೊಠಡಿಯಲ್ಲಿ ಕಳೆದ ವರ್ಷಗಳು ಬಡ್ಡಿ ಸಮೇತ ವಸೂಲಿಗೆ ಬಂದಿದ್ದವು. ಮೊದಲು ಹೋದದ್ದು ಸಣ್ಣ ಸದ್ದುಗಳು. ಬೀಗದ ಕೈಗಳ ಕಿಣಿಕಿಣಿ, ಪಕ್ಕದ ಮನೆಯ ನಲ್ಲಿ. ಟಿಕ್ ಟಿಕ್ ಕೂಡ ಸಣ್ಣ ಸದ್ದೇ. ಆಕೆ ಯಾರಿಗೂ ಹೇಳಲಿಲ್ಲ. ಸ್ಕ್ರೂ ಡ್ರೈವರ್ ಕಿವಿಗಿಟ್ಟು ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು, ಮೊದಲಿಗಿಂತ ಹೆಚ್ಚು ಹುಬ್ಬು ಗಂಟಿಕ್ಕುತ್ತಿದ್ದಳು. ಊಹೆಯ ಮೇಲೆ ಹೇಳುತ್ತಿದ್ದಳು. ಅನುಭವದ ಊಹೆ, ಹತ್ತಕ್ಕೆ ಏಳು ಸರಿ ಬರುತ್ತಿತ್ತು. ಉಳಿದ ಮೂರರಲ್ಲಿ ಒಂದು ತರಕಾರಿ ವ್ಯಾನ್. ಬೇರಿಂಗ್ ಗುದ್ದುತ್ತಿದ್ದದ್ದು ತಿಳಿಯದೆ ಆಕೆ ಅದನ್ನು ಕಳಿಸಿಕೊಟ್ಟಳು. ಅದು ಇಳಿಜಾರಿನ ನಡುವೆ ಎಂಜಿನ್ ಹಿಡಿದು ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಗುದ್ದಿ ಮುಂದಿನ ಎರಡು ಹಲ್ಲು ಕಳೆದುಕೊಂಡ.

ಕಾರ್ಯದರ್ಶಿ ಸಭೆ ಕರೆದ. ಸಭೆ ಎಂದರೆ ಐದು ಜನ, ನಾಲ್ಕು ಸ್ಟೂಲು, ಒಂದು ಟೈರು.

"ಅಕ್ಕಾ, ಮುಖ ನೋಡ್ಕೊಂಡು ಹೇಳ್ತೀನಿ" ಎಂದ. ಅವನು ಮುಖ ನೋಡಿಕೊಂಡು ಹೇಳಿದ್ದರಿಂದಲೇ ಆಕೆಗೆ ಅರ್ಥವಾಯಿತು. "ಹಲ್ಲಿಗೆ ಬಂದದ್ದು ತಲೆಗೆ ಬರಬಹುದಿತ್ತು. ನೀನು ಇನ್ಮೇಲೆ ಸ್ಟೋರಿನ ಕಿಟಕಿಯಲ್ಲಿ ಕೂತ್ಕೋ. ಪಾಲು ಅದೇ ಇರುತ್ತೆ. ಎಂಜಿನ್ನಿಗೆ ಹೊರಗಿನವರನ್ನ ಹುಡುಕೋಣ."

"ನಟ್ಟುಬೋಲ್ಟು ಎತ್ತಿ ಕೊಡೋಕೆ ನಾನು ಲಾಠಿ ತಿಂದಿದ್ದಾ?"

"ಲಾಠಿ ಎಲ್ಲರೂ ತಿಂದಿದೀವಿ. ಅದು ಸರ್ಟಿಫಿಕೇಟ್ ಅಲ್ಲ."

ಮಾತು ಕಟುವಾಗಿತ್ತು. ಸುಳ್ಳಾಗಿರಲಿಲ್ಲ. ಆಕೆ ಸ್ವಲ್ಪ ಹೊತ್ತು ಟೈರಿನ ಮೇಲೆ ಕೂತು ಉಗುರಿನ ಗ್ರೀಸು ಕೆರೆದಳು. "ಇನ್ನೊಂದು ಎಂಜಿನ್ ಕೊಡಿ. ಅದೂ ಕೆಟ್ಟರೆ ನಾನೇ ಎದ್ದು ಕಿಟಕಿಗೆ ಹೋಗ್ತೀನಿ, ಓಟು ಹಾಕೋ ಕಷ್ಟ ನಿಮಗೆ ಬೇಡ. ಸರಿಹೋದರೆ ಓಟು ಹಾಕಿ." ಎಲ್ಲರೂ ಒಪ್ಪಿದರು. ಮುಂದೆ ಬರುವ ಎಂಜಿನ್ ಎಂಥದ್ದು ಎಂದು ಗೊತ್ತಿದ್ದರೆ ಆಕೆ ಹಾಗೆ ಕೇಳುತ್ತಿದ್ದಳೋ ಇಲ್ಲವೋ.

ಬಂದದ್ದು ಒಂದು ಮುದಿ ಆನೆ. ಶೆಡ್ಡಿನಲ್ಲಿದ್ದ ಯಾರೂ ಹುಟ್ಟುವ ಮೊದಲು ತಯಾರಾದ ಕಾರು, ಎಂಟು ಸಿಲಿಂಡರ್, ದೋಣಿಯಂಥ ಮಡ್‌ಗಾರ್ಡ್. ತಂದವನು ಡ್ರೈವರ್ ತಾತ. ಆಯುಷ್ಯವೆಲ್ಲ ಒಬ್ಬ ಧಣಿಗೆ ಈ ಕಾರು ಓಡಿಸಿ, ಧಣಿ ಸತ್ತಾಗ ಪಿಂಚಣಿಯ ಬದಲು ಇದನ್ನೇ ಪಡೆದವನು. ಸಿನಿಮಾ ಶೂಟಿಂಗಿಗೆ ಬಾಡಿಗೆ ಬಿಟ್ಟು ಬದುಕುತ್ತಿದ್ದ.

"ಹೀರೋಯಿನ್ ಅಳೋ ಸೀನು" ಎಂದ ತಾತ. "ಹಿಂದಿನಿಂದ ನನ್ನ ಕಾರು ಟಿಕ್ ಟಿಕ್ ಟಿಕ್. ಸೌಂಡಿನವನು ಹೆಡ್‌ಫೋನ್ ಬಿಸಾಕಿದ. ಸದ್ದು ನಿಲ್ಲೋವರೆಗೂ ಗಾಡಿ ತರಬೇಡ ಅಂದ್ರು."

"ಟ್ಯಾಪೆಟ್ ಅಷ್ಟೇ ತಾತ, ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ತಗೊಂಡು ಹೋಗು" ಎಂದ ಸೈಲೆನ್ಸರ್, ಎಂಜಿನ್ ತನ್ನದೇ ಇಲಾಖೆ ಎನ್ನುವಂತೆ.

ಬಿಚ್ಚಿ ನೋಡಿದರೆ ತಿರುಗಿಸಲು ಸ್ಕ್ರೂ ಇಲ್ಲ. ಹದಿನಾರು ಟ್ಯಾಪೆಟ್, ಒಂದಕ್ಕೂ ಇಲ್ಲ. ಕಿವಿಯಕ್ಕ ಸಂದಿ ಅಳೆಯುವ ಫೀಲರ್ ಗೇಜಿನ ಬ್ಲೇಡುಗಳನ್ನು ಬಿಚ್ಚಿ ಹಿಡಿದುಕೊಂಡು, ಬೀಗವೇ ಇಲ್ಲದ ಬಾಗಿಲಿನ ಮುಂದೆ ಬೀಗದ ಕೈ ಗೊಂಚಲು ಹಿಡಿದವಳ ಹಾಗೆ ನಿಂತಳು.

"ನಮ್ಮ ಧಣಿ ಹೇಳೋರು" ಎಂದ ತಾತ, "ಇದಕ್ಕೆ ಯಾರೂ ಹೊಂದಿಸೋ ಹಾಗಿಲ್ಲ, ಅದೇ ಹೊಂದ್ಕೊಳ್ಳುತ್ತೆ ಅಂತ. ಒಳಗೆ ಎಣ್ಣೆ ಹೋಗಿ ಸಂದಿ ತುಂಬುತ್ತಂತೆ."

ಒಂದನ್ನು ಎಳೆದು ಬಿಚ್ಚಿದಾಗ ಅದರ ಗುಟ್ಟು ಕಂಡಿತು. ಒಂದು ಪುಟ್ಟ ಉಕ್ಕಿನ ಲೋಟ. ಅದರೊಳಗೆ ಜಾರುವ ಒಂದು ಕೊಂತ, ಪುಟ್ಟ ಪಿಸ್ಟನ್ನಿನಂಥದ್ದು. ಕೊಂತದ ಕೆಳಗೆ ಸ್ಪ್ರಿಂಗ್. ಲೋಟದ ತಳದಲ್ಲಿ ಒಂದು ತೂತು, ತೂತಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡು. ಎಣ್ಣೆ ತೂತಿನಿಂದ ಒಳಗೆ ಬರುತ್ತದೆ, ಗುಂಡು ಅದನ್ನು ಹೊರಗೆ ಬಿಡುವುದಿಲ್ಲ. ಸಿಕ್ಕಿಬಿದ್ದ ಎಣ್ಣೆಯ ಮೇಲೆ ಕೊಂತ ಕೂತು ವಾಲ್ವನ್ನು ತಾಗಿಕೊಂಡೇ ಇರುತ್ತದೆ. ಸಂದಿ ಇಲ್ಲ, ಸದ್ದೂ ಇಲ್ಲ. ಒಳಗಿನ ಎಣ್ಣೆ ಸೋರಿದರೆ ಮಾತ್ರ ಕುಟ್ಟುತ್ತದೆ.

"ಹಾಗಾದರೆ ಕೊಳೆ ಕಟ್ಟಿದೆ" ಎಂದಳು ಕಿವಿಯಕ್ಕ. "ತೊಳೆದರೆ ಆಯ್ತು."

ತೊಳೆದರು. ತಾವು ತೊಳೆಯುವ ಹಾಗೆಯೇ ತೊಳೆದರು. ಹದಿನಾರನ್ನೂ ಬಿಚ್ಚಿ, ಲೋಟ, ಕೊಂತ, ಸ್ಪ್ರಿಂಗ್ ಎಲ್ಲವನ್ನೂ ದೊಡ್ಡ ತಟ್ಟೆಗೆ ಸುರಿದು, ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿ, ಹಳೇ ಬನಿಯನ್ ಚಿಂದಿಯ ವೇಸ್ಟಿನಲ್ಲಿ ಒರೆಸಿದರು. ಕೈಗೆ ಸಿಕ್ಕ ಕೊಂತವನ್ನು ಕೈಗೆ ಸಿಕ್ಕ ಲೋಟಕ್ಕೆ ಇಳಿಸಿದರು. ಎರಡು ಮೂರು ಸ್ವಲ್ಪ ಬಿಗಿ ಅನ್ನಿಸಿದವು, ಒತ್ತಿ ಕೂರಿಸಿದರು. ಮರುದಿನ ಮಧ್ಯಾಹ್ನ ಎಂಜಿನ್ ಜೋಡಿಸಿ ಮುಗಿಯಿತು. ತಾತ ಸ್ಟಾರ್ಟ್ ಮಾಡಿದ.

ಕಿವಿಯಕ್ಕ ಸ್ಕ್ರೂ ಡ್ರೈವರನ್ನು ಕಿವಿಗೆ ಒತ್ತಿದಳು. ಒಂದು ಕಡೆ, ಇನ್ನೊಂದು ಕಡೆ. ತಗ್ಗಿದ ಗುಡುಗಿನಂಥ ಎಂಜಿನ್ ಸದ್ದು ಮಾತ್ರ, ಅದೂ ದೂರದಿಂದ. ಆಕೆ ತಲೆಯೆತ್ತಿ ನಕ್ಕಳು.

"ನೋಡಿ, ನಿಂತೇ ಹೋಯ್ತು."

ವೆಲ್ಡರ್ ತಮ್ಮ ಕಿವಿ ಮುಚ್ಚಿಕೊಂಡಿದ್ದ. ಶೆಡ್ಡಿನ ತಗಡೆಲ್ಲ ಟಕಟಕ ಎನ್ನುತ್ತಿತ್ತು. ಹದಿನಾರು ಜನ ಟೈಪಿಸ್ಟರು ಒಟ್ಟಿಗೆ ಕೂತು ರಾಜೀನಾಮೆ ಬರೆಯುತ್ತಿದ್ದ ಹಾಗಿತ್ತು ಎಂದು ಸೈಲೆನ್ಸರ್ ಆಮೇಲೆ ವರ್ಣಿಸಿದ. ತಾತ ಎಂಜಿನ್ ಆರಿಸಿದ.

ಆಕೆ ಒಬ್ಬೊಬ್ಬರ ಮುಖ ನೋಡಿದಳು. ನಗು ನಿಧಾನವಾಗಿ ಇಳಿಯಿತು. ಸ್ಕ್ರೂ ಡ್ರೈವರನ್ನು ಬೆಂಚಿನ ಮೇಲೆ ಇಟ್ಟು, ಕೈ ಕೂಡ ತೊಳೆಯದೆ ಮನೆಗೆ ಹೋದಳು.

ಮನೆ ಎಂದರೆ ಒಂದೂವರೆ ಕೋಣೆ. ಅರ್ಧ ಕೋಣೆಯಲ್ಲಿ ಗಂಡನ ಹೊಲಿಗೆ ಮೆಷೀನು, ಒಂದರಲ್ಲಿ ಉಳಿದ ಎಲ್ಲ. ಗಂಡ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಸಂಸಾರದ ಅರ್ಧ ಮಾತು ಮುಗಿಸುವವನು. ಹೊಸ್ತಿಲಲ್ಲಿ ಅತ್ತೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಅತ್ತೆಗೆ ಕಿವಿ ಹೋಗಿ ಒಂದು ತಲೆಮಾರೇ ಆಗಿತ್ತು.

ಸೊಸೆ ಮಗ್ಗುಲಲ್ಲಿ ಕೂತು ಬಟಾಣಿಗೆ ಕೈ ಹಾಕಿದಳು. ಗ್ರೀಸಿನ ಕೈ. ಅತ್ತೆ ಆ ಕೈ ಮೇಲೆ ಒಂದು ಪೆಟ್ಟು ಕೊಟ್ಟಳು.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಕಳ್ಳಿ. ಕೇಳಿಸದೇ ಇದ್ದಾಗ ನಾನು ಹೂಂ ಅಂದರೆ ನೀನು ಒಳಗೊಳಗೇ ನಗ್ತಿದ್ದೆ. ಈಗ ನೀನೂ ಅದೇ ಹೂಂ ಹೇಳ್ತೀಯಾ. ನನ್ನ ಹೂಂ ನನಗೆ ಗುರುತು ಸಿಗಲ್ವಾ?"

"ನಿಮಗೆ ಗೊತ್ತಿತ್ತಾ?"

"ಏನಂದೆ?"

"ಗೊತ್ತಿತ್ತಾ ಅಂದೆ!"

ಗಂಡ ಸೂಜಿ ಬಾಯಿಂದ ತೆಗೆದ. "ಇಬ್ಬರೂ ಹಿಂಗೆ ಕಿರುಚಿ. ಬೀದಿಗೆಲ್ಲ ಕೇಳುತ್ತೆ, ನಿಮ್ಮಿಬ್ಬರನ್ನ ಬಿಟ್ಟು."

ಆಕೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅತ್ತೆ ಅಳುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಕಾಯಿ ಬಿಡಿಸಿ, ಹುಳ ತಿಂದ ಕಾಳು ಎಸೆದು, ಹೇಳಿದಳು: "ಕೇಳದೇ ಇರೋದು ಅಂಥ ಕಷ್ಟ ಏನಲ್ಲ ಕಣೇ. ಅರ್ಧ ಜನದ ಮಾತು ಕೇಳೋ ಹಾಗೂ ಇರಲ್ಲ. ಕೇಳಿಸಿದ ಹಾಗೆ ನಾಟಕ ಆಡ್ತೀವಲ್ಲ, ಅದೇ ಕಷ್ಟ. ನಾನು ಹತ್ತು ವರ್ಷ ಆಡಿದೆ. ಯಾವನೂ ಒಂದು ಹಾರ ಹಾಕಲಿಲ್ಲ."

"ಹೇಳಿಬಿಟ್ಟರೆ ಕೆಲಸ ಹೋಗುತ್ತೆ ಅತ್ತೆ."

"ಹೇಳದೇ ಇದ್ದಾಗ ಉಳಿದಿದೆಯಾ?"

ಸೊಸೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. ಎದ್ದು ಕೈ ತೊಳೆದುಕೊಂಡಳು.

ಬೆಳಿಗ್ಗೆ ಶೆಡ್ಡಿಗೆ ಎಲ್ಲರಿಗಿಂತ ಮೊದಲು ಹೋದಳು. ಒಬ್ಬೊಬ್ಬರಾಗಿ ಬಂದು ಸೇರಿದ ಮೇಲೆ ಹೇಳಿದಳು: "ನನಗೆ ಸಣ್ಣ ಸದ್ದು ಕೇಳಲ್ಲ. ಎರಡು ವರ್ಷ ಆಯ್ತು. ಮುಚ್ಚಿಟ್ಟೆ. ಸೈಕಲ್ಲಿನವನ ಹಲ್ಲು ನನ್ನಿಂದಲೇ ಹೋದದ್ದು. ಈ ಎಂಜಿನ್ ನಾನು ಕೆಡಿಸಿದೀನಿ, ನಾನೇ ಸರಿ ಮಾಡಿ ಕೊಡ್ತೀನಿ. ಕಿಟಕಿ ವಿಷಯ ಆಮೇಲೆ."

"ಮಾತಿನ ಪ್ರಕಾರ ಇವತ್ತೇ ಕಿಟಕಿ" ಎಂದ ಕಾರ್ಯದರ್ಶಿ.

"ಅರ್ಧ ಬಿಚ್ಚಿದ ಕೆಲಸ ಇನ್ನೊಬ್ಬರ ತಲೆಗೆ ಕಟ್ಟೋದು ನಮ್ಮ ಶೆಡ್ಡಲ್ಲಿ ಯಾವಾಗಿಂದ?"

ಕಾರ್ಯದರ್ಶಿ ತಾತನ ಕಡೆ ನೋಡಿದ. ತಾತ ಹೆಗಲು ಕುಣಿಸಿದ. "ನನಗೇನಪ್ಪಾ, ನನ್ನ ಕಾರು ಆಗಲೇ ಟೈಪಿಂಗ್ ಸ್ಕೂಲು ಆಗಿದೆ. ಅದಕ್ಕಿಂತ ಕೆಡೋಕೆ ಏನುಳಿದಿದೆ? ಮಾಡಲಿ ಬಿಡು."

ಮತ್ತೆ ಹೆಡ್ಡು ಬಿಚ್ಚಿದರು, ಮತ್ತೆ ಹದಿನಾರನ್ನೂ ಹೊರಗೆ ತೆಗೆದರು. ಆಕೆ ಸ್ಟೂಲಿನ ಮೇಲೆ ಕೂತು, ಒಂದು ಟ್ಯಾಪೆಟ್ಟಿನ ಸ್ಪ್ರಿಂಗ್ ತೆಗೆದಿಟ್ಟು, ಎಣ್ಣೆ ಒಣಗಿಸಿ, ಖಾಲಿ ಲೋಟಕ್ಕೆ ಕೊಂತ ಇಳಿಸಿದಳು. ಹೆಬ್ಬೆರಳಿನಿಂದ ಚಟ್ಟನೆ ಒತ್ತಿದಳು. ಕೊಂತ ಸುಮ್ಮನೆ ಮುಳುಗಿತು, ಕೆಸರಿಗೆ ಕಾಲಿಟ್ಟ ಹಾಗೆ. ಇನ್ನೊಂದು. ಅದೂ ಮುಳುಗಿತು. ಮೂರನೆಯದು ಮುಳುಗಲಿಲ್ಲ. ಒಳಗೆ ಸಿಕ್ಕಿದ ಗಾಳಿ ಅದನ್ನು ತಿರುಗಿ ಒದೆಯಿತು. ಬೆರಳಿನಡಿ ಟಪ್ಪೆಂದು ಪುಟಿಯಿತು.

ಆಕೆ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಮತ್ತೆ ಒತ್ತಿದಳು. ಮತ್ತೆ ಪುಟಿಯಿತು. ಕಿವಿಗೆ ಕೇಳದ್ದು ಹೆಬ್ಬೆರಳಿಗೆ ಸ್ಪಷ್ಟವಾಗಿತ್ತು.

ಎಲ್ಲವನ್ನೂ ಒತ್ತಿ ನೋಡಿದಳು. ಪುಟಿಯುವವು ಮೂರೋ ನಾಲ್ಕೋ. ಕೆಲವು ಕೆಸರು. ಕೆಲವು ಬಿಗಿದುಕೊಂಡು ಅಲ್ಲಾಡುವುದೇ ಇಲ್ಲ. ಸವೆದಿವೆಯೇ ಎಂದುಕೊಂಡಳು. ಆದರೆ ಸವೆದದ್ದು ಸಡಿಲವಾಗಬೇಕು, ಬಿಗಿಯಾಗುವುದು ಹೇಗೆ? ಬಿಗಿಯಾದ ಒಂದರ ಕೊಂತವನ್ನು ಎಳೆದು, ಮುಳುಗುವ ಒಂದರ ಲೋಟಕ್ಕೆ ಹಾಕಿ ಒತ್ತಿದಳು.

ಪುಟಿಯಿತು.

"ಲೋ ಸೈಲೆನ್ಸರ್, ಬಾರೋ ಇಲ್ಲಿ. ಇವಕ್ಕೆ ಜೋಡಿ ಇದೆ ಕಣೋ."

"ಜೋಡಿ ಅಂದರೆ?"

"ಒಂದೊಂದು ಲೋಟಕ್ಕೂ ಅದರದ್ದೇ ಕೊಂತ. ಕಾರ್ಖಾನೇಲಿ ಒಂದಕ್ಕೊಂದು ಆರಿಸಿ ಕೂರಿಸಿದಾರೆ. ನಾವು ತಟ್ಟೆಗೆ ಸುರಿದು ಹದಿನಾರು ಸಂಸಾರ ಒಡೆದುಹಾಕಿದೀವಿ."

ಸೈಲೆನ್ಸರ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ನೋಡೋಕೆ ಎಲ್ಲಾ ಒಂದೇ ಥರ ಇವೆಯಲ್ಲಕ್ಕಾ."

"ಜನಾನೂ ಒಂದೇ ಥರ ಇರ್ತಾರೆ. ನಿನ್ನ ಹೆಂಡತಿ ನಮ್ಮ ಕಾರ್ಯದರ್ಶಿ ಜೊತೆ ಒಂದು ದಿನ ಬಾಳ್ತಾಳಾ?"

"ನನ್ನ ಜೊತೆ ಬಾಳ್ತಿರೋದೇ ಆಶ್ಚರ್ಯ" ಎಂದ ಸೈಲೆನ್ಸರ್. ಕಾರ್ಯದರ್ಶಿಗೂ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋದ.

ಎಲ್ಲವೂ ಒಟ್ಟು ಎಂಬ ಧರ್ಮಕ್ಕೆ ಅಂದು ಬಿದ್ದ ಮೊದಲ ತಿದ್ದುಪಡಿ ಇದು. ಪಾಲು ಒಂದೇ ಇರಲಿ, ಚಹಾ ಒಂದೇ ಇರಲಿ. ಇಂಥ ಸಾಮಾನಿಗೆ ಮಾತ್ರ ಬೇರೆ ಬೇರೆ ಬಟ್ಟಲು. ಚಹಾದ ಲೋಟಗಳನ್ನೇ ಸಾಲಾಗಿ ಬೆಂಚಿನ ಮೇಲೆ ಜೋಡಿಸಿದರು. ಸಾಲದ್ದಕ್ಕೆ ಸೈಲೆನ್ಸರನ ಊಟದ ಡಬ್ಬಿಯ ಮುಚ್ಚಳವೂ ಬಂತು.

ಇಡೀ ದಿನ ಆಕೆ ಅದೇ ಕೆಲಸ ಮಾಡಿದಳು. ಒಂದು ಕೊಂತ ಹಿಡಿದು, ಒಂದೊಂದೇ ಲೋಟಕ್ಕೆ ಇಳಿಸಿ, ಒತ್ತುವುದು. ಬಿಗಿಯಾದರೆ ಬೇಡ, ಮುಳುಗಿದರೆ ಬೇಡ. ಸಲೀಸಾಗಿ ಇಳಿದು ತಿರುಗಿ ಒದೆಯಬೇಕು. ವೆಲ್ಡರ್ ಅಣ್ಣ ನಾನೂ ನೋಡ್ತೀನಿ ಎಂದು ಕೂತ. ಅವನ ಹೆಬ್ಬೆರಳು ಕಿಡಿ ಹಾರಿ ಹಾರಿ ತೊಗಲಿನ ಚಪ್ಪಲಿಯಾಗಿತ್ತು, ಅವನಿಗೆ ಎಲ್ಲವೂ ಪುಟಿದ ಹಾಗೇ ಅನ್ನಿಸಿತು. ತಾತನಿಗೆ ಕೈ ನಡುಕ. ಆಕೆಯ ಬೆರಳಿಗೆ ಮಾತ್ರ ಒಂದು ಪುಟಿತಕ್ಕೂ ಇನ್ನೊಂದಕ್ಕೂ ಇರುವ ಅಂತರ ತಿಳಿಯುತ್ತಿತ್ತು. ಇಷ್ಟು ವರ್ಷ ಕಿವಿಯ ಮೇಲೆ ಹಾಕಿದ್ದ ಗಮನವನ್ನೆಲ್ಲ ಅಲ್ಲಿಗೆ ಇಳಿಸಿದ್ದಳು. ಇಳಿಬಿಸಿಲಿನ ಹೊತ್ತಿಗೆ ಹೆಬ್ಬೆರಳಿನ ತುದಿ ಊದಿಕೊಂಡಿತ್ತು, ಬೆಂಚಿನ ಮೇಲೆ ಜೋಡಿಗಳು ಸಾಲಾಗಿ ನಿಂತಿದ್ದವು.

ಒಂದು ಉಳಿಯಿತು. ಕೊನೆಯ ಕೊಂತ, ಕೊನೆಯ ಲೋಟ. ಸಲೀಸಾಗಿ ಇಳಿಯುತ್ತದೆ, ಅಂದರೆ ಜೋಡಿ ಸರಿ. ಆದರೂ ಪುಟಿಯದು, ಮೆಲ್ಲಗೆ ಮುಳುಗುತ್ತದೆ.

"ವಿಧವೆ" ಎಂದ ಸೈಲೆನ್ಸರ್.

"ಸುಮ್ಮನಿರು. ಗಾಳಿ ಪಕ್ಕದಿಂದ ಹೋಗ್ತಿಲ್ಲ ಅಂದರೆ ತಳದಿಂದ ಹೋಗ್ತಿದೆ."

ಆಕೆ ಒಂದು ತುಂಡು ರಬ್ಬರ್ ಟ್ಯೂಬ್ ಹುಡುಕಿ, ಲೋಟದ ತಳದ ತೂತಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಬಾಯಿಗಿಟ್ಟು ಹೀರಿದಳು. ಗುಂಡು ಸರಿಯಾಗಿ ಕೂತರೆ ದಾರಿ ಮುಚ್ಚಿ ಟ್ಯೂಬ್ ನಾಲಿಗೆಗೆ ಅಂಟಿಕೊಳ್ಳಬೇಕು. ಮೊದಲು ಚೆನ್ನಾಗಿದ್ದ ಒಂದನ್ನು ಹೀರಿ ನೋಡಿದಳು. ಅಂಟಿತು. ಇದನ್ನು ಹೀರಿದಳು. ಸೀಮೆಎಣ್ಣೆಯ ವಾಸನೆಯ ಗಾಳಿ ಬಾಯಿ ತುಂಬ ಬಂತು. ಉಗಿದು, ತಳ ಬಿಚ್ಚಿ, ಗುಂಡನ್ನು ಅಂಗೈಗೆ ಬೀಳಿಸಿ, ಅದು ಕೂರುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದಳು. ಒಂದು ಎಳೆ. ಕಣ್ರೆಪ್ಪೆಯ ಕೂದಲಿನಷ್ಟು, ನೀಲಿ ಬಣ್ಣದ್ದು.

"ಇದು ನಿನ್ನ ಹಳೇ ಬನಿಯನ್ನು" ಎಂದಳು ಸೈಲೆನ್ಸರನಿಗೆ. "ವೇಸ್ಟಿನಲ್ಲಿ ಒರೆಸಿದ್ದೆವಲ್ಲ."

"ನನ್ನ ಬನಿಯನ್ನಿಗೆ ಎಂಟು ಸಿಲಿಂಡರ್ ಅಲ್ಲಾಡಿಸೋ ತಾಕತ್ತಿದೆ ಅಂತ ಮನೇಲಿ ಹೇಳ್ಬೇಕು."

ಎಲ್ಲವನ್ನೂ ಮತ್ತೆ ತೊಳೆದರು. ಒಂದೊಂದು ಜೋಡಿ ಒಂದೊಂದು ಚಹಾದ ಲೋಟದಲ್ಲಿ. ಈ ಸಲ ಬಟ್ಟೆ ಮುಟ್ಟಿಸಲಿಲ್ಲ, ಪಂಪಿನ ಗಾಳಿಯಲ್ಲಿ ಒಣಗಿಸಿದರು.

ಮರುದಿನ ಎಂಜಿನ್ ಜೋಡಿಸಿ, ಹೊಸ ಎಣ್ಣೆ ತುಂಬಿ, ತಾತನಿಗೆ ಸನ್ನೆ ಮಾಡಿದಳು. ಎಂಜಿನ್ ಹತ್ತಿಕೊಂಡಿತು. ಆಕೆ ಕೇಳಲು ಹೋಗಲಿಲ್ಲ. ಎದುರಿಗಿದ್ದ ಮುಖಗಳನ್ನು ನೋಡಿದಳು. ವೆಲ್ಡರ್ ತಮ್ಮನ ಮುಖ ಸಣ್ಣಗಾಯಿತು. ತಾತ ತಲೆ ತಗ್ಗಿಸಿದ. ಕಾರ್ಯದರ್ಶಿ ಅವಳ ಎದುರಿಗೆ ಬಂದು ನಿಂತು, ಬಾಯಿ ದೊಡ್ಡದಾಗಿ ತೆರೆದು, "ಇದೆ" ಎಂದ. "ಸದ್ದು ಇದೆ ಅಕ್ಕಾ."

"ಇರಲಿ. ಆರಿಸಬೇಡ ತಾತ. ಒಣಗಿಸಿ ಹಾಕಿದೀವಿ, ಒಳಗೆಲ್ಲ ಗಾಳಿ ಇದೆ. ಎಣ್ಣೆ ತುಂಬೋಕೆ ಬಿಡಿ."

ಸ್ಕ್ರೂ ಡ್ರೈವರ್ ಬೆಂಚಿನ ಮೇಲೆಯೇ ಇತ್ತು. ಆಕೆ ವಾಲ್ವುಗಳ ಮೇಲಿನ ಮುಚ್ಚಳಕ್ಕೆ ಅಂಗೈ ಇಟ್ಟಳು. ಕಬ್ಬಿಣ ಇನ್ನೂ ಬಿಸಿಯಾಗಿರಲಿಲ್ಲ. ಅಂಗೈಯಡಿ ಸಣ್ಣ ಸಣ್ಣ ಪೆಟ್ಟುಗಳು, ತಗಡಿನ ಮೇಲೆ ಹಕ್ಕಿಗಳು ಕಾಳು ಕುಕ್ಕಿದ ಹಾಗೆ. ಕಾದಳು. ಒಂದು ಕಡೆಯ ಪೆಟ್ಟು ಮೆತ್ತಗಾಯಿತು. ಆಮೇಲೆ ಇಲ್ಲವಾಯಿತು. ಅದರ ಪಕ್ಕದ್ದು. ಆಚೆ ಸಾಲಿನದ್ದು. ಹೊಟ್ಟೆ ತುಂಬಿದ ಹಕ್ಕಿ ಒಂದೊಂದಾಗಿ ಎದ್ದು ಹೋದಂತೆ. ಕೊನೆಗೆ ಒಂದೇ ಒಂದು ಉಳಿದು, ಹಠಕ್ಕೆ ಬಿದ್ದು ಕುಕ್ಕಿತು, ಕುಕ್ಕಿತು, ತಡೆದು ಮತ್ತೊಮ್ಮೆ ಕುಕ್ಕಿತು. ಆಮೇಲೆ ಅಂಗೈಯಡಿ ಬರೀ ಎಂಜಿನ್ ತಿರುಗುವ ನುಣುಪು.

"ಈಗ ನಿಂತಿದೆ" ಎಂದಳು, ಮುಖಗಳನ್ನು ನೋಡದೆ.

ತಾತ ಸೀಟಿನಿಂದ ಇಳಿದು ಬಂದು ಬೋನೆಟ್ಟಿನ ಹತ್ತಿರ ಕಿವಿ ಚಾಚಿದ. ಬಹಳ ಹೊತ್ತು ಹಾಗೇ ನಿಂತ. "ಧಣಿ ಇದ್ದಾಗ ಹಿಂಗಿತ್ತು" ಎಂದು ಮಾತ್ರ ಹೇಳಿ, ಕಣ್ಣಿಗೆ ಏನೋ ಬಿದ್ದವನ ಹಾಗೆ ಉಜ್ಜಿಕೊಂಡು, ಕಾರು ತೆಗೆದುಕೊಂಡು ಹೋದ.

ಓಟು ಬಾಕಿ ಇತ್ತು. ಚಹಾದ ಹೊತ್ತಿಗೆ ಕೂತರು. ತನ್ನ ವಿಷಯಕ್ಕೆ ತಾನು ಕೈ ಎತ್ತಬಾರದೆಂದು ಕಿವಿಯಕ್ಕ ಬಾಗಿಲ ಹತ್ತಿರ ನಿಂತಳು. ಆದರೆ ಮಾತು ಮೊದಲು ಆಕೆಯೇ ಆಡಿದಳು. "ನಾನು ಉಳಿದರೂ ನಾನೊಬ್ಬಳೇ ಯಾವ ಗಾಡಿಗೂ ಪಾಸು ಹೇಳಲ್ಲ. ಬೇರಿಂಗು, ಬ್ರೇಕು, ಕೇಳಿ ಹೇಳಬೇಕಾದ್ದು ಏನಿದ್ದರೂ ಇನ್ನೊಬ್ಬರು ಕೇಳಬೇಕು. ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗ್ತೀನಿ. ಮೆಷೀನು ಇಟ್ಟುಕೊಂಡರೆ ಎಷ್ಟು ಬರುತ್ತೋ ಬರಲಿ."

ಕಾರ್ಯದರ್ಶಿ ಎದ್ದು ನಿಂತ. "ನಿನ್ನೆಯ ಕೆಲಸಕ್ಕೆ ಕೈ ಮುಗೀತೀನಿ. ಅದು ಸದ್ದಿಲ್ಲದ ಬೆಂಚಿನ ಮೇಲಿನ ಕೆಲಸ. ರಸ್ತೆ ಮೇಲಿನ ಜೀವ ಬೇರೆ ಲೆಕ್ಕ. ನನ್ನ ಓಟು ಕಿಟಕಿಗೆ."

ಸೈಲೆನ್ಸರ್ ಎಂಜಿನ್ನಿಗೆ ಕೈ ಎತ್ತಿದ. ಒಂದಕ್ಕೊಂದು. ಉಳಿದವರು ವೆಲ್ಡರ್ ಅಣ್ಣ ತಮ್ಮ. ಇವರ ಕಥೆ ಎಂದರೆ, ಶೆಡ್ ಶುರುವಾದಂದಿನಿಂದ ಅಣ್ಣ ಹೌದೆಂದರೆ ತಮ್ಮ ಇಲ್ಲ, ತಮ್ಮ ಹೌದೆಂದರೆ ಅಣ್ಣ ಇಲ್ಲ. ಗೋಡೆಗೆ ಸುಣ್ಣ ಹೊಡೆಯುವ ಪ್ರಶ್ನೆ ಅವರಿಂದಾಗಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಅಣ್ಣ ತನ್ನ ತೊಗಲಿನ ಹೆಬ್ಬೆರಳು ನೋಡಿಕೊಂಡು ಕೈ ಎತ್ತಿದ. ಎಂಜಿನ್ನಿಗೆ. ಎಲ್ಲರೂ ತಮ್ಮನ ಕಡೆ ನೋಡಿದರು. ತಮ್ಮ ಅಣ್ಣನನ್ನು ದುರುಗುಟ್ಟಿ ನೋಡಿದ, ಚಹಾ ಕುಡಿದ, ಲೋಟ ಕೆಳಗಿಟ್ಟ.

"ನಾನು ಎತ್ತೋಣ ಅಂತಿದ್ದೆ, ಇವನು ಮೊದಲು ಎತ್ತಿಬಿಟ್ಟ" ಎಂದು ಗೊಣಗುತ್ತ ಕೈ ಎತ್ತಿದ. ಎಂಜಿನ್ನಿಗೆ.

ಮೂರಕ್ಕೆ ಒಂದು. ಸೈಲೆನ್ಸರನನ್ನು ಆಕೆಗೆ ಕಿವಿಯಾಗಿ ನೇಮಿಸಲಾಯಿತು. ಎಂಜಿನ್ ಓಡುವಾಗ ಅವನು ಬಾಯಿ ಮುಚ್ಚಿಕೊಂಡಿರಬೇಕೆಂಬ ಷರತ್ತಿನ ಮೇಲೆ. ಇದು ಅವನಿಗೆ ಎಷ್ಟು ಕಷ್ಟ ಕೊಟ್ಟಿತೆಂದರೆ, ಮೊದಲ ವಾರ ಎಂಜಿನ್ ಆರಿಸಿದ ಕೂಡಲೇ ತಡೆಹಿಡಿದ ಮಾತೆಲ್ಲ ಒಟ್ಟಿಗೆ ಹೊರಬಂದು, ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ತಾನೇ ಮರೆಯುತ್ತಿದ್ದ.

ಓಟಿನ ಮರುದಿನ ಬೆಳಿಗ್ಗೆ ಹಾಲಿನ ವ್ಯಾನಿನವನೊಬ್ಬ ಬಂದು, ಒಂದು ಗಾಡಿಯ ಬೋನೆಟ್ಟಿನೊಳಗೆ ಬಗ್ಗಿ ಕೆಲಸ ಮಾಡುತ್ತಿದ್ದ ಕಿವಿಯಕ್ಕನ ಬೆನ್ನಿಗೆ ತನ್ನ ಎಂಜಿನ್ನಿನ ಕಷ್ಟವನ್ನೆಲ್ಲ ತೋಡಿಕೊಳ್ಳುತ್ತಿದ್ದ. ಕಾರ್ಯದರ್ಶಿ ಎದ್ದು ಹೋಗಿ ಅವನ ಭುಜ ಹಿಡಿದು ತಿರುಗಿಸಿದ.

"ಆ ಕಡೆಯಿಂದ ಬಂದು ಎದುರಿಗೆ ನಿಂತು ಹೇಳಿ. ಅವರಿಗೆ ಕಿವಿ ಕೇಳಲ್ಲ."

"ಕಿವಿ ಕೇಳದವರು ಎಂಜಿನ್ ನೋಡ್ತಾರಾ?"

"ನೋಡ್ತಾರೆ. ಬೇಡ ಅಂತ ನಾನು ಓಟು ಹಾಕಿದ್ದೆ. ಸೋತೆ. ಎದುರಿಗೆ ನಿಲ್ಲಿ."